ಇಳಿಜಾರಿನ ಪಾಠ: ಭಾರಿ ಯಂತ್ರಗಳ ಆಪರೇಟರ್ ತರಬೇತಿಯಲ್ಲಿ ವರ್ಚುವಲ್ ರಿಯಾಲಿಟಿ ಸಿಮ್ಯುಲೇಟರ್

2021ರ ಮಳೆಗೆ ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ನಂದಿ ವಿಗ್ರಹದ ಕಡೆಗೆ ಹೋಗುವ ರಸ್ತೆಯ ಅಂಚು ಕುಸಿಯಿತು. ಬೆಟ್ಟದ ಒಡಲು ಸುಮಾರು 80 ಕೋಟಿ ವರ್ಷ ಹಳೆಯ ಗ್ರಾನೈಟ್. ಆದರೂ ಅದರ ಮೇಲಿನ ಮಣ್ಣು ನೀರು ಕುಡಿದರೆ ಜಾರುತ್ತದೆ. ಇಂಥ ಅಂಚಿನಲ್ಲಿ ಎಕ್ಸ್‌ಕವೇಟರ್ ನಡೆಸುವುದನ್ನು ಹೊಸಬರು ಎಲ್ಲಿ ಕಲಿಯಬೇಕು? ಭಾರಿ ಯಂತ್ರಗಳ ಕಂಪನಿ ಬಿಇಎಂಎಲ್ 1984ರಿಂದ ಘಟಕ ಹೊಂದಿ ಡಂಪ್ ಟ್ರಕ್‌ಗಳನ್ನು ತಯಾರಿಸುತ್ತಿರುವ ಮೈಸೂರಿಗೆ ಇದು ಮನೆಯ ಪ್ರಶ್ನೆಯೇ.

ನಮ್ಮಲ್ಲಿ ಬಹುಮಂದಿ ಆಪರೇಟರ್‌ಗಳು ಮೊದಲು ಹೆಲ್ಪರ್‌ಗಳು. ಗ್ರೀಸ್ ಹೊಡೆಯುತ್ತ, ಡೀಸೆಲ್ ತುಂಬುತ್ತ, ಹಿರಿಯ ಆಪರೇಟರ್ ಊಟಕ್ಕೆ ಇಳಿದಾಗ ಲಿವರ್ ಹಿಡಿದು ಕಲಿತವರು. ಎಂಜಿನ್ನಿನ ಸದ್ದು, ಮಣ್ಣಿನ ಗುಣ ಹೀಗೆ ಮೈಗೂಡುತ್ತವೆ. ಆದರೆ ಇಳಿಜಾರಿನಲ್ಲಿ ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶ ಈ ಪದ್ಧತಿಯಲ್ಲಿಲ್ಲ. ಎಡ್ವಿನ್ ಲಿಂಕ್ 1929ರಲ್ಲಿ ವಿಮಾನ ಚಾಲಕರಿಗಾಗಿ ರೂಪಿಸಿದ ತರಬೇತಿ ಯಂತ್ರ ನೀಗಿದ್ದೂ ಇಂಥದೇ ಕೊರತೆಯನ್ನು.

ಎಕ್ಸ್‌ಕವೇಟರಿಗೆ ಆ ಕೆಲಸ ವರ್ಚುವಲ್ ರಿಯಾಲಿಟಿ ಸಿಮ್ಯುಲೇಟರಿನದು. ಐಎಸ್‌ಒ ನಿಯಂತ್ರಣ ಮಾದರಿಯಲ್ಲಿ ಎಡಗೈ ಲಿವರ್ ಯಂತ್ರವನ್ನು ತಿರುಗಿಸಿ ಆರ್ಮ್ ಚಾಚುತ್ತದೆ. ಬಲಗೈಯದು ಬೂಮ್ ಮತ್ತು ಬಕೆಟ್. ಈ ನಾಲ್ಕು ಚಲನೆಗಳು ಕೂಡಿ ಬರುವ ಕೈಪಳಗಿಕೆ ಸಿಮ್ಯುಲೇಟರಿನಲ್ಲಿ ಹನಿ ಡೀಸೆಲ್ ಸುಡದೆ ಸಾಧ್ಯ. ಹೆಡ್‌ಸೆಟ್ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಕೊಡುವುದರಿಂದ ಬಕೆಟ್ಟಿನ ಹಲ್ಲಿಗೂ ನೆಲಕ್ಕೂ ಇರುವ ದೂರದ ಅಂದಾಜು ಸಿಗುತ್ತದೆ. ಇಳಿಜಾರಿನ ಪಾಠ ಇನ್ನೂ ಮುಖ್ಯ. ಯಂತ್ರದ ಎರಡು ಚೈನ್‌ಗಳ ನಡುವಿನ ಅಗಲ ಚೈನ್‌ನ ಉದ್ದಕ್ಕಿಂತ ಕಡಿಮೆ. ಹಾಗಾಗಿ ತುಂಬಿದ ಬಕೆಟ್ಟನ್ನು ಪಕ್ಕದ ತಗ್ಗಿನತ್ತ ತಿರುಗಿಸಿದರೆ ಮಗುಚುವ ಭಯ ಹೆಚ್ಚು. ಕಲಿಯುವವನು ಹೆಡ್‌ಸೆಟ್ಟಿನೊಳಗೆ ಮಗುಚಿ, ಮರುನಿಮಿಷವೇ ಅದೇ ಅಂಚಿಗೆ ಮರಳಬಹುದು.

ಮಿತಿಗಳೂ ಇವೆ. ಕಣ್ಣು ವಾಲುವಿಕೆಯನ್ನು ಕಂಡರೂ ಕಿವಿಯೊಳಗಿನ ಸಮತೋಲನದ ಇಂದ್ರಿಯಕ್ಕೆ ಅದು ತಿಳಿಯದು. ಈ ತಿಕ್ಕಾಟದಿಂದ ಕೆಲವರಿಗೆ ತಲೆಸುತ್ತು, ವಾಕರಿಕೆ. ಅಲುಗುವ ಆಸನ ಇದನ್ನು ತುಸು ತಗ್ಗಿಸೀತು. ಇನ್ನು ಪರದೆಯ ಮಣ್ಣು ಪ್ರೋಗ್ರಾಂ ಬರೆದವರು ಕೊಟ್ಟಷ್ಟೇ ಗುಣದ್ದು. ಎಲ್ಲೆಡೆ ಒಂದೇ ಹದದ ಮಣ್ಣಿನಲ್ಲಿ ಪಳಗಿದವರು ನಿಜವಾದ ಬೆಟ್ಟದ ಅಂಚನ್ನೂ ನಂಬಿಬಿಡುತ್ತಾರೆ.

ಆದ್ದರಿಂದ ಮೊದಲು ಸಿಮ್ಯುಲೇಟರ್, ಆಮೇಲೆ ಅನುಭವಿ ಆಪರೇಟರ್ ಜೊತೆ ಸಮತಟ್ಟು ನೆಲ, ಕೊನೆಗೆ ಇಳಿಜಾರು: ಇದು ಸರಿಯಾದ ಕ್ರಮ. ಬಂಡೆಯ ಮೇಲೆ ತೊಯ್ದ ಮಣ್ಣಿರುವ ಚಾಮುಂಡಿಯಂಥ ಇಳಿಜಾರು ಪಾಠದೊಳಗೇ ಇರಬೇಕು. ಮೌಲ್ಯಮಾಪನವೂ ಬದಲಾಗಬೇಕು. ಎಷ್ಟು ಬಕೆಟ್ ತುಂಬಿದ, ಎಷ್ಟು ಹೊತ್ತಿನಲ್ಲಿ ಎಂಬುದಕ್ಕಷ್ಟೇ ಅಂಕ ಕೊಟ್ಟರೆ ಕಲಿತವನು ಅಂಚಿಗೇ ಹೋಗುತ್ತಾನೆ. ಬಿರುಕು ಕಂಡು ಬಕೆಟ್ ಇಳಿಸಿ, ಯಂತ್ರವನ್ನು ಹಿಂದಕ್ಕೆ ತೆಗೆದವನಿಗೆ ಪೂರ್ಣ ಅಂಕ ಸಲ್ಲಬೇಕು.