ಸಹಗಾಳಗಾರ ಪದ್ಧತಿ

ಅಮೆರಿಕ ಸಂಯುಕ್ತ ಸಂಸ್ಥಾನದ ಬಾಸ್ ಮೀನಿನ ಸ್ಪರ್ಧೆಗಳಲ್ಲಿ, ಸ್ವಂತ ದೋಣಿಯನ್ನು ತಾರದ ಹವ್ಯಾಸಿಯೊಬ್ಬನು ಪ್ರವೇಶಶುಲ್ಕವನ್ನು ತೆತ್ತು, ಚೀಟಿಯ ಮೂಲಕ ತನಗೆ ಗೊತ್ತಾದ ನುರಿತ ಗಾಳಗಾರನ ದೋಣಿಯನ್ನೇರಿ, ಅದರ ಹಿಂಬದಿಯಲ್ಲಿ ನಿಂತು ದಿನವಿಡೀ ಗಾಳ ಹಾಕುತ್ತ, ತನ್ನಂತೆಯೇ ಬೇರೆ ಬೇರೆ ದೋಣಿಗಳ ಹಿಂಬದಿಯಲ್ಲಿ ನಿಂತ ಇತರ ಹವ್ಯಾಸಿಗಳೊಡನೆ ಸ್ಪರ್ಧಿಸುವ ಏರ್ಪಾಟು. ಮುಂಬದಿಯಲ್ಲಿ ನಿಂತು ದೋಣಿಯನ್ನು ನಡಸುವವನಿಗೆ ಬೋಟರ್ ಅಥವಾ ಪ್ರೊ ಎಂದೂ, ಹಿಂಬದಿಯವನಿಗೆ ಕೋ-ಆಂಗ್ಲರ್ ಎಂದೂ, ಸ್ಥಳೀಯ ಸಂಘಗಳ ಸ್ಪರ್ಧೆಗಳಲ್ಲಿ ನಾನ್-ಬೋಟರ್ ಎಂದೂ ಹೆಸರು. ಬಿಂಗ್ ಕ್ರಾಸ್ಬಿ 1937ರಲ್ಲಿ ಆರಂಭಿಸಿದ ಪಂದ್ಯದಿಂದ ಪ್ರಸಿದ್ಧಿಗೆ ಬಂದ ಗಾಲ್ಫಿನ ಪ್ರೊ-ಆಮ್ ಪದ್ಧತಿಯಲ್ಲಿ ವೃತ್ತಿಪರನೂ ಹವ್ಯಾಸಿಯೂ ಒಂದೇ ಪಕ್ಷವಾಗಿ ಆಡುತ್ತಾರೆ. ಇಲ್ಲಿಯಾದರೋ ಇಬ್ಬರಿಗೂ ದೋಣಿ ಒಂದು, ನೀರು ಒಂದು, ಆದರೆ ಲೆಕ್ಕ ಬೇರೆ. ಒಂದೇ ದೋಣಿಯಲ್ಲಿ ಎರಡನೆಯವನೊಬ್ಬನಿರಬೇಕೆಂಬ ನಿಯಮವು ಮೊದಲು ಪರಸ್ಪರ ಕಾವಲಿಗಾಗಿ ಹುಟ್ಟಿ, ಕಾಲಕ್ರಮದಲ್ಲಿ ಒಂದು ಬಗೆಯ ಶಿಷ್ಯವೃತ್ತಿಯಾಗಿ ಬೆಳೆದು, ಅತ್ಯುನ್ನತ ಶ್ರೇಣಿಯಲ್ಲಿ ಮತ್ತೆ ಬರಿಯ ಸಾಕ್ಷಿತ್ವಕ್ಕೆ ಮರಳಿದುದು ಈ ಪದ್ಧತಿಯ ಇತಿಹಾಸದ ಸಾರ.

ಮೀನು ಮತ್ತು ಜಲಾಶಯಗಳು

ಬಾಸ್ ಎಂಬ ಹೆಸರು ಹಲವು ಜಾತಿಯ ಮೀನುಗಳಿಗೆ ಸಲ್ಲುವುದಾದರೂ ಈ ಸ್ಪರ್ಧೆಗಳಿಗೆ ಸಂಬಂಧಿಸಿದವು ಉತ್ತರ ಅಮೆರಿಕದ ಸಿಹಿನೀರಿನಲ್ಲಿ ವಾಸಿಸುವ ಮೈಕ್ರಾಪ್ಟೆರಸ್ ಕುಲದವು. ಇವುಗಳಲ್ಲಿ ಲಾರ್ಜ್‌ಮೌತ್, ಸ್ಮಾಲ್‌ಮೌತ್ ಮತ್ತು ಸ್ಪಾಟೆಡ್ ಎಂಬ ಮೂರು ಮುಖ್ಯವಾದವು. ಲಾರ್ಜ್‌ಮೌತ್ ಬಾಸ್ ಮುಳುಗಿದ ಮರ, ಜೊಂಡು, ಪಾಚಿ, ದೋಣಿಕಟ್ಟೆಗಳ ನೆರಳು ಮೊದಲಾದ ಮರೆಗಳಲ್ಲಿ ಹೊಂಚುಹಾಕಿ ಸಣ್ಣ ಮೀನುಗಳನ್ನೂ ಕಪ್ಪೆಗಳನ್ನೂ ಹಠಾತ್ತನೆ ಎರಗಿ ಹಿಡಿಯುವ ಸ್ವಭಾವದ್ದು. ಈ ಜಾತಿಯ ಅತ್ಯಂತ ಭಾರವಾದ ಮೀನನ್ನು, 22 ಪೌಂಡು 4 ಔನ್ಸ್ ತೂಕದ್ದನ್ನು, ಜಾರ್ಜ್ ಪೆರಿ ಎಂಬಾತ 1932ರ ಜೂನ್ 2ರಂದು ಜಾರ್ಜಿಯ ಸಂಸ್ಥಾನದಲ್ಲಿ ಹಿಡಿದ. 2009ರ ಜುಲೈನಲ್ಲಿ ಜಪಾನಿನ ಬಿವ ಸರೋವರದಲ್ಲಿ ಮನಾಬು ಕುರಿತ ಎಂಬಾತ ಹಿಡಿದ ಮೀನು ಆ ದಾಖಲೆಯನ್ನು ಸರಿಗಟ್ಟಿತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪ್ರವಾಹನಿಯಂತ್ರಣಕ್ಕಾಗಿಯೂ ವಿದ್ಯುದುತ್ಪಾದನೆಗಾಗಿಯೂ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಟೆನೆಸ್ಸಿ ಕಣಿವೆ ಪ್ರಾಧಿಕಾರವೂ ಸೇನೆಯ ಎಂಜಿನಿಯರುಗಳ ದಳವೂ ಕಟ್ಟಿದ ಅಣೆಕಟ್ಟುಗಳ ಹಿಂದೆ ವಿಸ್ತಾರವಾದ ಜಲಾಶಯಗಳು ಮೈದಳೆದು, ಮುಳುಗಿದ ಕಾಡುಗಳು ಬಾಸ್ ಮೀನಿಗೆ ಹೊಸ ಆವಾಸಗಳಾದುವು. ನೂರಾರು ದೋಣಿಗಳು ಒಂದೇ ದಿನ ಒಂದಕ್ಕೊಂದು ಅಡ್ಡಿಯಾಗದಂತೆ ಚೆದರಿ ಮೀನು ಹಿಡಿಯುವಷ್ಟು ನೀರು ದೊರೆತ ಮೇಲೆಯೇ ಇಂಥ ಸ್ಪರ್ಧೆಗಳು ಸಾಧ್ಯವಾದುವು.

ಉಗಮ

ಅಲಬಾಮ ಸಂಸ್ಥಾನದ ಮಾಂಟ್ಗಮರಿ ನಗರದ ವಿಮಾವ್ಯಾಪಾರಿ ರೇ ಸ್ಕಾಟ್ (1933-2022) ಈ ಕ್ರೀಡೆಯ ಪ್ರವರ್ತಕ. 1967ರಲ್ಲಿ ಮಿಸಿಸಿಪಿಯ ಜ್ಯಾಕ್ಸನ್ ನಗರದಲ್ಲಿ ಮಳೆಯಿಂದಾಗಿ ಮೀನು ಹಿಡಿಯುವುದನ್ನು ನಿಲ್ಲಿಸಿ ವಸತಿಗೃಹದಲ್ಲಿ ಕುಳಿತು ದೂರದರ್ಶನದಲ್ಲಿ ಬಾಸ್ಕೆಟ್‌ಬಾಲ್ ಪಂದ್ಯವನ್ನು ನೋಡುತ್ತಿದ್ದಾಗ, ಗಾಳಗಾರರಿಗೂ ಅಂಥದೇ ವ್ಯವಸ್ಥಿತ ಸ್ಪರ್ಧೆಗಳನ್ನು ಏರ್ಪಡಿಸಬಹುದೆಂಬ ಆಲೋಚನೆ ಈತನಿಗೆ ಹೊಳೆಯಿತು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಆರ್ಕನ್ಸಾ ಸಂಸ್ಥಾನದ ಬೀವರ್ ಜಲಾಶಯದಲ್ಲಿ ಈತ ನಡಸಿದ ಸ್ಪರ್ಧೆಗೆ ತಲಾ 100 ಡಾಲರು ತೆತ್ತು ಬಂದವರು 106 ಮಂದಿ. ಗೆದ್ದವನು ಟೆನೆಸ್ಸಿಯ ನ್ಯಾಶ್‌ವಿಲ್‌ನ ಸ್ಟ್ಯಾನ್ ಸ್ಲೋನ್. ಮರುವರ್ಷ ಸ್ಕಾಟ್ ಬಾಸ್ ಆಂಗ್ಲರ್ಸ್ ಸ್ಪೋರ್ಟ್ಸ್‌ಮನ್ ಸೊಸೈಟಿಯನ್ನೂ 'ಬ್ಯಾಸ್‌ಮಾಸ್ಟರ್' ಪತ್ರಿಕೆಯನ್ನೂ ಸ್ಥಾಪಿಸಿದ.

ಅದಕ್ಕೆ ಮುಂಚೆಯೂ ಮೀನು ಹಿಡಿಯುವ ಪಂದ್ಯಗಳು ಇಲ್ಲದಿರಲಿಲ್ಲ. ಆದರೆ ಮೊದಲೇ ಹಿಡಿದು ಕೂಡಿಟ್ಟ ಮೀನನ್ನು ತಂದು ತೂಗುವುದು, ಹೊಟ್ಟೆಗೆ ಸೀಸ ತುರುಕುವುದು ಮುಂತಾದ ವಂಚನೆಗಳಿಂದ ಅವು ಅಪಖ್ಯಾತಿಗೆ ಈಡಾಗಿದ್ದುವು. ಕಣ್ಣಿಗೆ ಕಾಣದಷ್ಟು ದೂರ ಹರಡಿಹೋಗುವ ದೋಣಿಗಳ ಮೇಲೆ ಕಣ್ಣಿಡಲು ಯಾವ ವ್ಯವಸ್ಥಾಪಕನಿಗೂ ಸಾಧ್ಯವಿಲ್ಲದ ಕಾರಣ, ಪರಸ್ಪರ ಪರಿಚಯವಿಲ್ಲದ ಇಬ್ಬರು ಸ್ಪರ್ಧಿಗಳನ್ನು ಚೀಟಿಯೆತ್ತಿ ಒಂದೇ ದೋಣಿಯಲ್ಲಿ ಕೂರಿಸಿ, ಒಬ್ಬನ ಮೀನಿಗೆ ಮತ್ತೊಬ್ಬನನ್ನು ಸಾಕ್ಷಿಯನ್ನಾಗಿ ಮಾಡುವುದು ಸ್ಕಾಟ್ ಕೈಗೊಂಡ ಉಪಾಯ. 1971ರಲ್ಲಿ ನೆವಾಡದ ಮೀಡ್ ಸರೋವರದಲ್ಲಿ 24 ಮಂದಿಯ ನಡುವೆ ನಡೆದು, ಬಾಬಿ ಮರೆ 10,000 ಡಾಲರುಗಳನ್ನು ಗೆದ್ದ ಮೊದಲನೆಯ ಬ್ಯಾಸ್‌ಮಾಸ್ಟರ್ ಕ್ಲಾಸಿಕ್ ಸ್ಪರ್ಧೆಯಲ್ಲಿ ಈ ಸಾಕ್ಷಿಯ ಸ್ಥಾನ ಪತ್ರಿಕಾ ಲೇಖಕರಿಗೆ ದೊರೆಯಿತು. ಕಾವಲೂ ಆಯಿತು, ಪ್ರಚಾರವೂ ಆಯಿತು.

ವಿಭಾಗಗಳ ಪ್ರತ್ಯೇಕತೆ

ಇಬ್ಬರೂ ಸಮಾನ ಸ್ಪರ್ಧಿಗಳಾಗಿದ್ದ ಆ ಆರಂಭದ ಕ್ರಮದಲ್ಲಿ ತೊಡಕುಗಳು ಹುಟ್ಟದೆ ಇರಲಿಲ್ಲ. ಯಾರ ದೋಣಿಯಲ್ಲಿ ಹೊರಡುವುದು, ಯಾರು ಕಂಡುಕೊಂಡ ಜಾಗಕ್ಕೆ ಮೊದಲು ಹೋಗುವುದು, ಮುಂಬದಿಯ ಆಯಕಟ್ಟಿನ ಸ್ಥಳದಲ್ಲಿ ಯಾರು ಎಷ್ಟು ಹೊತ್ತು ನಿಲ್ಲುವುದು ಎಂಬ ಪ್ರಶ್ನೆಗಳನ್ನು, ಅರ್ಧ ದಿನ ಒಬ್ಬನಿಗೆ, ಅರ್ಧ ದಿನ ಮತ್ತೊಬ್ಬನಿಗೆ ಎಂಬ ಲೆಕ್ಕದಲ್ಲಿ ಬಗೆಹರಿಸುತ್ತಿದ್ದರೂ, ವಾರಗಟ್ಟಲೆ ಜಲಾಶಯವನ್ನು ಶೋಧಿಸಿ ಮೀನಿನ ನೆಲೆಯನ್ನರಿತವನು ಅದನ್ನು ತನ್ನ ಪ್ರತಿಸ್ಪರ್ಧಿಗೇ ತೋರಿಸಿಕೊಡಬೇಕಾದ ವಿಪರ್ಯಾಸ ಉಳಿದೇ ಇತ್ತು. ಬಹುಮಾನದ ಮೊತ್ತ ಏರಿದಂತೆಲ್ಲ ಈ ವಿಪರ್ಯಾಸ ಅಸಹನೀಯವಾಯಿತು.

ಆಪರೇಷನ್ ಬಾಸ್ ಎಂಬ ಸಂಸ್ಥೆಯನ್ನು 1996ರಲ್ಲಿ ಉದ್ಯಮಿ ಅರ್ವಿನ್ ಜೇಕಬ್ಸ್ ಕೊಂಡ ಮೇಲೆ, ರೇಂಜರ್ ದೋಣಿಗಳ ನಿರ್ಮಾಪಕ ಫಾರೆಸ್ಟ್ ಎಲ್. ವುಡ್‌ನ ಹೆಸರಿನ ಆದ್ಯಕ್ಷರಗಳನ್ನು ಹೊತ್ತು ನಡೆದ ಎಫ್‌ಎಲ್‌ಡಬ್ಲ್ಯು ಸರಣಿಯಲ್ಲಿ ಬೋಟರುಗಳಿಗೂ ಕೋ-ಆಂಗ್ಲರುಗಳಿಗೂ ಬೇರೆ ಬೇರೆ ಶ್ರೇಯಾಂಕ, ಬೇರೆ ಬೇರೆ ಬಹುಮಾನ ಎಂಬ ಕ್ರಮ ವ್ಯಾಪಕವಾಗಿ ಬಳಕೆಗೆ ಬಂದಿತು. ಇದರಿಂದ ಮುಂಬದಿಯವನಿಗೆ ಹಿಂಬದಿಯವನು ಪ್ರತಿಸ್ಪರ್ಧಿಯಾಗದೆ ಉಳಿದ. ಆದರೂ ಹಿಂಬದಿಯವನ ಗಾಳಕ್ಕೆ ಸಿಕ್ಕ ಒಂದೊಂದು ಮೀನೂ ಮುಂಬದಿಯವನಿಗೆ ಸಿಗದೆ ಹೋದ ಮೀನೇ ಆದುದರಿಂದ, ಇಬ್ಬರ ನಡುವಣ ಸೂಕ್ಷ್ಮವಾದ ಬಿಗುವು ಪೂರ್ತಿಯಾಗಿ ಅಳಿಯಲಿಲ್ಲ.

ಪ್ರವೇಶ ಮತ್ತು ಜೋಡಣೆ

ಹವ್ಯಾಸಿಯ ಪ್ರವೇಶಶುಲ್ಕ ಸಾಮಾನ್ಯವಾಗಿ ಬೋಟರ್ ತೆರುವುದರ ಅರ್ಧದಷ್ಟು ಅಥವಾ ಅದರ ಆಸುಪಾಸಿನಲ್ಲಿರುತ್ತದೆ. 250 ಅಶ್ವಶಕ್ತಿಯ ಎಂಜಿನ್ನು, ಧ್ವನಿತರಂಗದಿಂದ ಆಳವನ್ನೂ ಮೀನನ್ನೂ ತೋರಿಸುವ ಉಪಕರಣಗಳು, ಎಳೆದೊಯ್ಯುವ ವಾಹನ ಇವೆಲ್ಲವನ್ನೂ ಒಳಗೊಂಡ ಸುಮಾರು 20 ಅಡಿ ಉದ್ದದ ಬಾಸ್ ದೋಣಿಯ ಬೆಲೆ ಸಾಮಾನ್ಯನ ಶಕ್ತಿಗೆ ಮೀರಿದ್ದಾದುದರಿಂದ, ದೊಡ್ಡ ಸ್ಪರ್ಧೆಯ ಅನುಭವವನ್ನು ಅಲ್ಪವ್ಯಯದಲ್ಲಿ ಪಡೆಯಲು ಅನೇಕರಿಗೆ ಇದೊಂದೇ ಮಾರ್ಗ. ಸ್ಪರ್ಧೆಯ ಹಿಂದಿನ ಸಂಜೆ ಎಲ್ಲರೂ ಸಭೆ ಸೇರಿ ನಿಯಮಗಳನ್ನು ಕೇಳಿದ ತರುವಾಯ ಜೋಡಿಗಳು ಪ್ರಕಟವಾಗುತ್ತವೆ. ಹೊರಡುವ ಸಮಯ, ದೋಣಿಯನ್ನು ನೀರಿಗಿಳಿಸುವ ಜಾಗ, ವಾಹನವನ್ನು ನಿಲ್ಲಿಸುವ ವ್ಯವಸ್ಥೆ ಇವುಗಳನ್ನು ಜೋಡಿಗಾರರು ಅಂದೇ ಮಾತಾಡಿಕೊಳ್ಳುತ್ತಾರೆ. ಸ್ಪರ್ಧೆ ಹಲವು ದಿನಗಳದ್ದಾದರೆ ಜೋಡಿ ದಿನದಿನಕ್ಕೂ ಬದಲಾಗುವುದರಿಂದ, ಆಳದ ನೀರಿನ ನಿಪುಣನೊಬ್ಬನ ರೀತಿಯನ್ನು ಒಂದು ದಿನವೂ ಜೊಂಡಿನ ಅಂಚಿನಲ್ಲಿ ಪಳಗಿದವನ ರೀತಿಯನ್ನು ಮರುದಿನವೂ ನೋಡುವ ಅವಕಾಶ ಹವ್ಯಾಸಿಗೆ ಒದಗುತ್ತದೆ.

ಇನ್ನೊಬ್ಬನ ದೋಣಿಯಲ್ಲಿ ಜಾಗ ಸ್ವಲ್ಪವಾದ್ದರಿಂದ, ಆರೆಂಟು ಗಾಳದ ಕೋಲುಗಳು, ಆರಿಸಿಕೊಂಡ ಎರೆಗಳ ಒಂದು ಚೀಲ, ತನ್ನದೇ ಆದ ತೇಲುವ ಅಂಗಿ, ಮಳೆಯುಡುಪು, ಬುತ್ತಿ ಇಷ್ಟರಲ್ಲಿಯೇ ತೃಪ್ತನಾಗುವುದು ಹಿಂಬದಿಯವನ ಮೊದಲನೆಯ ಶಿಷ್ಟಾಚಾರವೆನಿಸಿದೆ. ಕಡ್ಡಾಯವಿರಲಿ ಇಲ್ಲದಿರಲಿ, ಇಂಧನದ ಖರ್ಚಿಗೆ ಒಂದಷ್ಟು ಹಣವನ್ನು ಮುಂದೊಡ್ಡುವುದೂ ವಾಡಿಕೆ.

ದೋಣಿಯೊಳಗಣ ಅಧಿಕಾರ

ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವ ವೇಗದಲ್ಲಿ ದಡವನ್ನು ಅನುಸರಿಸಬೇಕು ಎಂಬ ಸಕಲ ನಿರ್ಣಯವೂ ಬೋಟರನದು. ಮುಖ್ಯ ಎಂಜಿನ್ನನ್ನು ನಿಲ್ಲಿಸಿದ ಮೇಲೆ ದೋಣಿಯನ್ನು ಸದ್ದಿಲ್ಲದೆ ಸರಿಸುವ, ಮೂತಿಗೆ ಜೋಡಿಸಿದ ವಿದ್ಯುತ್ ಮೋಟಾರನ್ನು ಅವನು ಕಾಲಿನಿಂದಲೇ ನಡಸುತ್ತ ಎರಡು ಕೈಗಳನ್ನೂ ಗಾಳಕ್ಕೆ ಮುಡಿಪಾಗಿಡುತ್ತಾನೆ. ಹಿಂಬದಿಯವನಿಗೆ ಆ ಮೋಟಾರಿನ ಮೇಲೆ ಹಕ್ಕಿಲ್ಲ. ಮುಂಬದಿಯವನ ಎದುರಿನ, ಇನ್ನೂ ಗಾಳ ಬೀಳದ ನೀರಿಗೆ ಅವನನ್ನು ದಾಟಿ ಎಸೆಯುವುದು ಅನುಚಿತ. ಹಾಗೆಯೇ ಹಿಂಬದಿಯವನ ಎಸೆತಕ್ಕೆ ಯಾವ ಮರೆಯೂ ನಿಲುಕದಂತೆ ದೋಣಿಯ ಮೂತಿಯನ್ನು ಬೇಕೆಂದೇ ದಡಕ್ಕೆ ತಿರುಗಿಸಿ ನಿಲ್ಲಿಸುವುದು ಬೋಟರನ ಕಡೆಯ ಅನುಚಿತ ವರ್ತನೆ. ಇದಕ್ಕೆ ಫ್ರಂಟ್-ಎಂಡಿಂಗ್ ಎಂಬ ಹೆಸರೇ ರೂಢಿಯಲ್ಲಿದೆ. ಜೀವಂತ ಎರೆಗೆ ನಿಷೇಧವಿದ್ದು ಕೃತಕ ಎರೆಯನ್ನು ಮಾತ್ರ ಬಳಸಬೇಕೆಂಬ ನಿಯಮವೂ, ಮುಖ್ಯ ಎಂಜಿನ್ನು ಓಡುತ್ತಿರುವಾಗ ತೇಲುವ ಅಂಗಿಯನ್ನು ತೊಟ್ಟಿರಬೇಕೆಂಬ ನಿಯಮವೂ ಇಬ್ಬರಿಗೂ ಸಮಾನ. ಸಹಚರನು ತೋರಿದ ನೆಲೆಗಳನ್ನು ಗುಟ್ಟಾಗಿಡುವುದು ಹಿಂಬದಿಯವನ ಮರ್ಯಾದೆಗೆ ಸೇರಿದ್ದು.

ಹಿಂಬದಿಯ ಕುಶಲತೆ

ಮುಂಬದಿಯವನು ಈಗಾಗಲೇ ಗಾಳ ಹಾಕಿ ಕದಡಿದ ನೀರೇ ಹಿಂಬದಿಯವನ ಪಾಲಿಗೆ ಬರುವುದರಿಂದ, ಅವನದನ್ನೇ ಅನುಕರಿಸಿದವನಿಗೆ ಮೀನು ದೊರೆಯುವುದು ವಿರಳ. ಬೋಟರ್ ರಭಸದಿಂದ ಸೆಳೆಯುವ ಗಟ್ಟಿಮೈಯ ಎರೆಯನ್ನು ಬಳಸಿ ಹಸಿದ ಮೀನನ್ನು ಬೇಗಬೇಗನೆ ಆರಿಸಿಕೊಳ್ಳುತ್ತಿದ್ದರೆ, ಹಿಂದಿನವನು ತೆಳುವಾದ ದಾರಕ್ಕೆ ಮೃದುವಾದ ಪ್ಲಾಸ್ಟಿಕ್ ಹುಳುವನ್ನು ಕಟ್ಟಿ, ಅದನ್ನು ನಿಧಾನವಾಗಿ ತಳದವರೆಗೆ ಇಳಿಸಿ, ಒಮ್ಮೆ ಕಂಡೂ ಕಚ್ಚದೆ ಬಿಟ್ಟ ಮೀನನ್ನು ಪ್ರಲೋಭಿಸಬೇಕು. ದಾರದ ತುದಿಗೆ ಭಾರವನ್ನೂ ಅದಕ್ಕಿಂತ ಮೇಲೆ ಕೊಕ್ಕೆಯನ್ನೂ ಕಟ್ಟುವ ಡ್ರಾಪ್ ಶಾಟ್ ಕ್ರಮವೂ, ಭಾರವನ್ನು ತಳದಲ್ಲಿ ಎಳೆಯುತ್ತ ಎರೆಯನ್ನು ಅದರ ಹಿಂದೆ ತೇಲಿಸುವ ಕ್ಯಾರೊಲಿನ ಕ್ರಮವೂ ಈ ಸ್ಥಾನಕ್ಕೆ ಹೇಳಿ ಮಾಡಿಸಿದಂಥವು. ಬೋಟರ್ ದಡದತ್ತ ಎಸೆಯುವಾಗ ದೋಣಿಯ ಇನ್ನೊಂದು ಪಕ್ಕದ ಆಳಕ್ಕೆ ಎಸೆಯುವುದು, ಅವನು ಒಂದು ಕೋನದಿಂದ ಮುಟ್ಟಿದ ಮರದ ಬುಡವನ್ನು ದೋಣಿ ದಾಟಿದ ಮೇಲೆ ಮತ್ತೊಂದು ಕೋನದಿಂದ ಮುಟ್ಟುವುದು ಅನುಭವಿಗಳು ಪಾಲಿಸುವ ಸೂತ್ರಗಳು. ತನ್ನ ಇಚ್ಛೆಯಂತೆ ದೋಣಿಯನ್ನು ನಡಸಲಾರದವನು ಪರರ ನಿರ್ಣಯಕ್ಕೆ ತಕ್ಷಣವೇ ಹೊಂದಿಕೊಳ್ಳಬೇಕಾದುದರಿಂದ, ಈ ಸ್ಥಾನದಲ್ಲಿ ದೊರೆಯುವ ಶಿಕ್ಷಣವು ಬಾಯಿಮಾತಿನ ಉಪದೇಶಕ್ಕಿಂತ ಹೆಚ್ಚಾಗಿ ವೀಕ್ಷಣೆಯಿಂದ ಬರುವಂಥದು: ನಿಪುಣನು ಒಂದು ಜಾಗವನ್ನು ಯಾವಾಗ ಕೈಬಿಟ್ಟ ಎಂಬುದನ್ನು ಗಮನಿಸಿದವನು, ಅವನು ಯಾವ ಎರೆಯನ್ನು ಕಟ್ಟಿದ್ದ ಎಂಬುದನ್ನಷ್ಟೇ ಗಮನಿಸಿದವನಿಗಿಂತ ಹೆಚ್ಚು ಕಲಿಯುತ್ತಾನೆ.

ತೂಕ ಮತ್ತು ದಂಡ

ದಿನವೊಂದಕ್ಕೆ ಬೋಟರ್ ಐದು ಮೀನುಗಳನ್ನು ತೂಕಕ್ಕೆ ತರಬಹುದು. ಹಿಂಬದಿಯವನಿಗೆ ಕೆಲವು ಸರಣಿಗಳಲ್ಲಿ ಐದು, ಕೆಲವುಗಳಲ್ಲಿ ಮೂರು. ನಿಗದಿಯಾದ ಉದ್ದಕ್ಕಿಂತ, ಅನೇಕ ಕಡೆ 12 ಅಂಗುಲಕ್ಕಿಂತ, ಚಿಕ್ಕದಾದ ಮೀನು ಲೆಕ್ಕಕ್ಕೆ ಬಾರದು. ಹಿಡಿದ ಮೀನನ್ನು ಗಾಳಿಯಾಡುವ ನೀರಿನ ತೊಟ್ಟಿಯಲ್ಲಿ ಜೀವಂತವಾಗಿಟ್ಟು, ದೊಡ್ಡದು ದೊರೆತಾಗ ಚಿಕ್ಕದನ್ನು ಬಿಟ್ಟು, ಸಂಜೆ ತೂಗಿದ ಮೇಲೆ ಎಲ್ಲವನ್ನೂ ಮತ್ತೆ ನೀರಿಗೆ ಸೇರಿಸುವ ಪರಿಪಾಠ 1972ರಲ್ಲಿ ಸ್ಕಾಟ್ ಆರಂಭಿಸಿದ 'ಹಿಡಿದುದನ್ನು ಕೊಲ್ಲಬೇಡಿ' ಆಂದೋಲನದಿಂದ ಬಂದುದು. ಬ್ಯಾಸ್‌ಮಾಸ್ಟರ್ ನಿಯಮದ ಪ್ರಕಾರ ಸತ್ತ ಒಂದೊಂದು ಮೀನಿಗೂ ಕಾಲು ಪೌಂಡು, ತಡವಾದ ಒಂದೊಂದು ನಿಮಿಷಕ್ಕೂ ಒಂದು ಪೌಂಡು ಕಡಿತ. 15 ನಿಮಿಷ ಮೀರಿದರೆ ಅಂದಿನ ತೂಕವೆಲ್ಲ ರದ್ದು. ದೋಣಿಯನ್ನು ನಡಸದ ಸಹಗಾಳಗಾರನೂ ಬೋಟರನ ವಿಳಂಬಕ್ಕೆ ದಂಡ ತೆರಬೇಕಾಗುವುದು ಈ ಜೋಡಣೆಯ ಕಠೋರವಾದ ಅಂಶ. ಬಹುಮಾನ ಪಡೆದವರನ್ನು ಸತ್ಯಪರೀಕ್ಷಕ ಯಂತ್ರಕ್ಕೆ ಒಳಪಡಿಸುವ ಅಧಿಕಾರವನ್ನೂ ವ್ಯವಸ್ಥಾಪಕರು ಕಾಯ್ದಿರಿಸಿಕೊಂಡಿರುತ್ತಾರೆ.

ಮಹಿಳೆಯರ ಪ್ರವೇಶ

ಅಪರಿಚಿತರಿಬ್ಬರು ಇಡೀ ದಿನ ಸಣ್ಣ ದೋಣಿಯೊಂದರಲ್ಲಿ ಕಳೆಯಬೇಕಾದ ಈ ಜೋಡಣೆಯನ್ನೇ ಮುಂದುಮಾಡಿ ಸ್ತ್ರೀಯರನ್ನು ಬಹುಕಾಲ ದೂರವಿಡಲಾಗಿತ್ತು. ಬ್ಯಾಸ್‌ಮಾಸ್ಟರ್ ಸ್ಪರ್ಧೆಗಳಲ್ಲಿ ಈ ನಿರ್ಬಂಧ 1991ರಲ್ಲಿ ತೊಲಗಿತು. 2009ರಲ್ಲಿ ಕಿಮ್ ಬೇನ್-ಮೂರ್ ಬ್ಯಾಸ್‌ಮಾಸ್ಟರ್ ಕ್ಲಾಸಿಕ್‌ನಲ್ಲಿ ಸ್ಪರ್ಧಿಸಿದ ಮೊದಲನೆಯ ಮಹಿಳೆಯಾದಳು.

ಇತ್ತೀಚಿನ ಮಾರ್ಪಾಟುಗಳು

2006ರಲ್ಲಿ ಆರಂಭವಾದ ಬ್ಯಾಸ್‌ಮಾಸ್ಟರ್ ಎಲೀಟ್ ಸರಣಿಯಲ್ಲಿ ಮೊದಲು ಸಹಗಾಳಗಾರರಿದ್ದರೂ, ಹಿಂಬದಿಯವನ ಗಾಳವು ವೃತ್ತಿಪರರ ಫಲಿತಾಂಶದ ಮೇಲೆ ಪರಿಣಾಮ ಬೀರುತ್ತದೆಂಬ ಆಕ್ಷೇಪದ ಹಿನ್ನೆಲೆಯಲ್ಲಿ 2009ರಿಂದ ಅವರ ಸ್ಥಾನಕ್ಕೆ ಮಾರ್ಷಲ್ ಎಂಬ ವೀಕ್ಷಕರು ಬಂದರು. ಮಾರ್ಷಲ್ ಗಾಳ ಹಾಕುವಂತಿಲ್ಲ. ನಿಯಮಪಾಲನೆಗೆ ಸಾಕ್ಷಿಯಾಗಿದ್ದು ಮೀನುಗಳ ಲೆಕ್ಕವನ್ನು ವರದಿಮಾಡುವುದಷ್ಟೇ ಅವನ ಕಾರ್ಯ. ಮೀನನ್ನು ದೋಣಿಯಲ್ಲಿಯೇ ತೂಗಿ ಒಡನೆಯೇ ನೀರಿಗೆ ಬಿಡುವ ಮೇಜರ್ ಲೀಗ್ ಫಿಶಿಂಗ್ ಕ್ರಮದಲ್ಲಿಯೂ ಎರಡನೆಯ ವ್ಯಕ್ತಿ ಸಂಸ್ಥೆಯ ಅಧಿಕಾರಿಯೇ ಆಗಿರುತ್ತಾನೆ. ಆದರೆ ವಾರಾಂತ್ಯದ ಬಾಸ್ ಫಿಶಿಂಗ್ ಲೀಗ್‌ನಂಥ ಪ್ರಾದೇಶಿಕ ಸ್ಪರ್ಧೆಗಳಲ್ಲಿಯೂ, ಸಂಸ್ಥಾನಗಳ ಒಕ್ಕೂಟಗಳಿಗೆ ಸೇರಿದ ಸ್ಥಳೀಯ ಸಂಘಗಳಲ್ಲಿಯೂ ಹಿಂಬದಿಯ ಹವ್ಯಾಸಿ ಇಂದಿಗೂ ಗಾಳ ಹಿಡಿದೇ ನಿಲ್ಲುತ್ತಾನೆ. ಪ್ರೌಢಶಾಲಾ ವಿದ್ಯಾರ್ಥಿಗಳ ಸ್ಪರ್ಧೆಗಳಲ್ಲಂತೂ ಇಬ್ಬರು ಬಾಲಕರು ಗಾಳ ಹಾಕುತ್ತಿರಲು, ಅವರೊಡನಿರುವ ಹಿರಿಯನು ದೋಣಿಯನ್ನು ನಡಸಬಹುದೇ ಹೊರತು ತಾನು ಮೀನು ಹಿಡಿಯುವಂತಿಲ್ಲ. ಬಹುಮಾನದ ಮೊತ್ತ ದೊಡ್ಡದಾದಲ್ಲಿ ಕಲಿಯುವವನು ದೋಣಿಯಿಂದ ಇಳಿದು ಸಾಕ್ಷಿಯೊಬ್ಬನೇ ಉಳಿದಿದ್ದಾನೆ; ಅದು ಚಿಕ್ಕದಾಗಿರುವಲ್ಲಿ ಅನುಭವಿಯ ನೀರಿನಲ್ಲಿ ಹೊಸಬನಿಗೆ ಇನ್ನೂ ಪಾಲುಂಟು.