ಬನ್ನೇರುಘಟ್ಟದ ಅರಣ್ಯ: ಬೇಟೆಗಾರನ ಗ್ರಂಥವೂ ಹಳ್ಳಿಯ ಕಲ್ಲೂ

ಬೆಂಗಳೂರಿನ ದಂಡು ಪ್ರದೇಶದಿಂದ ದಕ್ಷಿಣಾಭಿಮುಖವಾಗಿ ಸುಮಾರು ೨೫ ಕಿಲೋಮೀಟರು ಸಾಗಿದರೆ ಬನ್ನೇರುಘಟ್ಟದ ಕಲ್ಲುಗುಡ್ಡಗಳು ಎದುರಾಗುತ್ತವೆ. ೧೯೭೪ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಅರಣ್ಯಕ್ಕೆ ಹಲಸೂರು, ಶಿವಾಜಿನಗರ, ಕೃಷ್ಣರಾಜಪುರಗಳ ಕಡೆಯಿಂದ ಹೋಗುವವರು ಬಹುಮಂದಿ. ಅವರಲ್ಲಿ ಹೆಚ್ಚಿನವರು ಮೃಗಾಲಯವನ್ನೂ ಸಫಾರಿಯ ಸಿಂಹಗಳನ್ನೂ ಕಂಡು ಸಂಜೆಗೆ ಹಿಂದಿರುಗುತ್ತಾರೆ. ಅದರಾಚೆಗಿನ ಕಾಡನ್ನು ಕಾಲ್ನಡೆಯಲ್ಲಿ ನೋಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಅವಶ್ಯ.

ಅಂತಹ ಅನುಮತಿಯನ್ನು ಪಡೆದು, ಅರಣ್ಯರಕ್ಷಕರನ್ನು ಮುಂದಿಟ್ಟುಕೊಂಡು, ನಾವು ನಮ್ಮ ಎಂ.ಎ. ತರಗತಿಯ ವಿದ್ಯಾರ್ಥಿಗಳೊಡನೆ ಒಂದು ಗುಡ್ಡವನ್ನೇರಿದೆವು. ದಾರಿ ಕಡಿದಾದುದು, ಬಂಡೆಗಳ ನಡುವೆ ಮುಳ್ಳುಪೊದೆ, ಬಿದಿರು, ಅಲ್ಲಲ್ಲಿ ಆನೆಯ ಲದ್ದಿ. ಮೇಲೆ ನಿಂತು ನೋಡಿದರೆ ಒಂದು ಕಡೆ ಕಾಡು, ಮತ್ತೊಂದು ಕಡೆ ಆನೆಕಂದಕದ ಅಂಚಿಗೇ ಬಂದ ರಾಗಿಯ ಹೊಲ, ಹೊಲದಲ್ಲಿ ಕಾವಲಿನ ಅಟ್ಟಣೆ. ಮನುಷ್ಯನ ಕಾಲು ಸೋಕದ ಕಾಡೆಂದು ಒಬ್ಬ ವಿದ್ಯಾರ್ಥಿ ಉದ್ಗರಿಸಿದನು. ಈ ಮಾತು ಅವನೊಬ್ಬನದಲ್ಲ, ವಿದ್ಯಾವಂತರಲ್ಲಿ ಸಾಮಾನ್ಯವಾಗಿ ಬೇರೂರಿರುವುದು. ಇದು ಎಲ್ಲಿಂದ ಬಂದಿತೆಂಬುದನ್ನು ಪರಿಶೀಲಿಸುವುದು ಅಗತ್ಯವೆಂದು ನಮಗೆ ತೋರುತ್ತದೆ.

೧೮೦೯ರಲ್ಲಿ ಹಲಸೂರಿನ ಬಳಿ ದಂಡು ನೆಲೆಯೂರಿದ ಮೇಲೆ ಸುತ್ತಣ ಕಾಡುಗಳು ಆಂಗ್ಲರ ಮೃಗಯಾವಿಹಾರಕ್ಕೆ ಕ್ಷೇತ್ರಗಳಾದವು. ಈ ಪರಂಪರೆಯ ಕೊನೆಯ ಪ್ರಸಿದ್ಧ ಲೇಖಕ ಕೆನೆತ್ ಆಂಡರ್ಸನ್ (೧೯೧೦–೧೯೭೪). ಈತ ನಗರದ ಪೂರ್ವದಲ್ಲಿರುವ ವಿಮಾನ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದನು. ೧೯೫೪ರಲ್ಲಿ ಹೊರಬಂದ ಇವನ ಮೊದಲ ಗ್ರಂಥದಲ್ಲಿ ಜವಳಗಿರಿಯ ನರಭಕ್ಷಕ ಹುಲಿಯ ಕಥೆಯೂ ಗುಮ್ಮಳಾಪುರದ ಚಿರತೆಯ ಕಥೆಯೂ ಇವೆ. ಈ ಊರುಗಳು ಆನೇಕಲ್ಲಿನಿಂದ ದಕ್ಷಿಣಕ್ಕೆ, ಇಂದಿನ ತಮಿಳುನಾಡಿನ ಗಡಿಯೊಳಗಿವೆ. ಬನ್ನೇರುಘಟ್ಟದ ಕಾಡು ಅತ್ತ ಕಾವೇರಿಯ ಕಣಿವೆಯವರೆಗೆ ಹಬ್ಬಿರುವುದರಿಂದ ಆನೆಗಳಿಗೆ ಈ ಗಡಿ ಇಲ್ಲ. ಆಂಡರ್ಸನ್ ಹಳ್ಳಿಗರನ್ನು ಕಡೆಗಣಿಸಿದನೆಂದರೆ ಅನ್ಯಾಯವಾದೀತು. ಪೂಜಾರಿ ಬೈರನಂತಹ ಕಾಡಿನ ಒಡನಾಡಿಗಳನ್ನು ಆತ ಹೆಸರಿಟ್ಟು, ಪ್ರೀತಿಯಿಂದ ಚಿತ್ರಿಸಿದ್ದಾನೆ. ಆದರೂ ಕಥೆಯ ನಾಯಕ ಹೊರಗಿನಿಂದ ಬಂದೂಕು ಹಿಡಿದು ಬಂದವನೇ. ಊರೆಂಬುದು ಆ ಕಥೆಯಲ್ಲಿ ಭಯಗ್ರಸ್ತರ ತಾಣ ಮಾತ್ರ.

ಅದೇ ಗುಮ್ಮಳಾಪುರ ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆ ಬೇರೊಂದು ಕಾರಣದಿಂದ ಪರಿಚಿತ. ಶೂನ್ಯಸಂಪಾದನೆಯ ಪರಿಷ್ಕರ್ತರಲ್ಲಿ ಒಬ್ಬನಾದ ಸಿದ್ಧಲಿಂಗಯತಿ ಗುಮ್ಮಳಾಪುರದವನು. ಅಲ್ಲಮನ ವಚನಗಳನ್ನು ಓದಿ, ಹೊಂದಿಸಿ, ಓಲೆಗೆ ಏರಿಸುವಷ್ಟು ವಿದ್ಯೆಯೂ ಬಿಡುವೂ ಇದ್ದ ಊರನ್ನು ಚಿರತೆಯ ಹೆಸರಿನಿಂದಷ್ಟೇ ಗುರುತಿಸುವುದು ಉಚಿತವಲ್ಲ. ಕಾಡಿನ ಮಗ್ಗುಲಲ್ಲಿದ್ದೂ ಅದು ನಾಡಾಗಿದ್ದಿತು.

ಇನ್ನೂ ಹಿಂದಿನ ಸಾಕ್ಷ್ಯ ಕಲ್ಲಿನದು. ಕ್ರಿ.ಶ. ೯೪೯ರ ಆತಕೂರು ಶಾಸನವನ್ನು ನೋಡಬಹುದು. ಮಣಲೇರನು ಪ್ರಭುವಿನ ಮೆಚ್ಚುಗೆಯಾಗಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಲು ಎರಡೂ ಸತ್ತವು; ನಾಯಿಯ ನೆನಪಿಗೆ ಕಲ್ಲನ್ನು ನೆಡಿಸಿ, ಪೂಜೆಗೆ ಭೂಮಿಯನ್ನು ಬಿಡಲಾಯಿತು. ಮಂಡ್ಯದ ಸೀಮೆಯ ಈ ಕಲ್ಲು ಸೇರಿರುವುದು, ೧೮೬೫ರಲ್ಲಿ ದಂಡು ಪ್ರದೇಶದಲ್ಲಿ ಎಡ್ವರ್ಡ್ ಬಾಲ್ಫರ್ ಸ್ಥಾಪಿಸಿದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ. ಹುಲಿಯನ್ನು ಇರಿದು ಮಡಿದವರ ವೀರಗಲ್ಲುಗಳು ಬೆಂಗಳೂರು, ಕೋಲಾರದ ಸೀಮೆಗಳಲ್ಲಿ ವಿರಳವಲ್ಲ. ಇಲ್ಲಿ ಮೃಗದ ಎದುರು ನಿಂತವನು ಅತಿಥಿಯಲ್ಲ, ದನಕರುಗಳನ್ನು ಮೇಯಿಸಬೇಕಾಗಿದ್ದ ಊರಿನವನು. ಸತ್ತವನಿಗೆ ಊರವರೇ ಕಲ್ಲು ನೆಟ್ಟರು. ಬೇಟೆಗಾರನ ಗ್ರಂಥದಲ್ಲಿ ಹುಲಿ ಸತ್ತೊಡನೆ ಕಥೆ ಮುಗಿಯುತ್ತದೆ, ವೀರಗಲ್ಲಿನಲ್ಲಿ ಮನುಷ್ಯ ಸತ್ತ ಮೇಲೆ ಆರಂಭವಾಗುತ್ತದೆ.

ಈ ಚರ್ಚೆ ಕೇವಲ ಪಂಡಿತರದಲ್ಲ. ೨೦೧೬ರ ಕರಡು ಪ್ರಕಟಣೆಯಲ್ಲಿ ಉದ್ಯಾನದ ಸುತ್ತಣ ಪರಿಸರ ಸೂಕ್ಷ್ಮ ವಲಯ ೨೬೮.೯೬ ಚದರ ಕಿಲೋಮೀಟರಿನಷ್ಟಿದ್ದಿತು. ೨೦೨೦ರ ಅಂತಿಮ ಪ್ರಕಟಣೆಯಲ್ಲಿ ಅದು ೧೬೮.೮೪ಕ್ಕೆ ಇಳಿಯಿತು. ಬಿಟ್ಟುಹೋದ ನೂರು ಚದರ ಕಿಲೋಮೀಟರು ನೆಲದಲ್ಲಿ ಆನೆಯ ದಾರಿಯನ್ನು ಕುರಿತು ಜೀವಶಾಸ್ತ್ರಜ್ಞರು ಮಾತನಾಡಿದ್ದಾರೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಇರಬಹುದಾದ ಕಲ್ಲುಗಳನ್ನು ಕುರಿತು ಇತಿಹಾಸಕಾರರಾದ ನಾವು ಮಾತನಾಡಬೇಕಾಗಿದೆ. ಬಡಾವಣೆಗೆ ನೆಲವನ್ನು ಸಮಮಾಡುವ ಯಂತ್ರಕ್ಕೆ ವೀರಗಲ್ಲೂ ಒಂದು ಚಪ್ಪಡಿಯೇ. ಉದ್ಯಾನದ ಅಂಚಿನ ಹಳ್ಳಿಗಳನ್ನು ಮುಂದಿನ ಬೇಸಿಗೆಯಲ್ಲಿ ಒಂದೊಂದಾಗಿ ಸುತ್ತಿ, ಕಂಡ ಕಲ್ಲುಗಳ ಅಳತೆ ಮತ್ತು ಪಡಿಯಚ್ಚುಗಳನ್ನು ತೆಗೆಯಬೇಕೆಂದಿದ್ದೇವೆ. ಪಟ್ಟಿಯನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಲಾಗುವುದು.