ಬೆನ್ನುಮೂಳೆ ಶಸ್ತ್ರವೈದ್ಯರ ಉನ್ನತ ತರಬೇತಿ: ಯಾದಗಿರಿ, ಶಹಾಪುರ, ಸುರಪುರ ಸೀಮೆಯಿಂದ ಕಂಡ ಚರಿತ್ರೆ

ಮೂಳೆ ಶಸ್ತ್ರವೈದ್ಯದಲ್ಲೋ ನರಶಸ್ತ್ರವೈದ್ಯದಲ್ಲೋ ಸ್ನಾತಕೋತ್ತರ ಪದವಿ ಮುಗಿಸಿದ ವೈದ್ಯರು ಬೆನ್ನುಮೂಳೆಯ ರೋಗಗಳನ್ನೇ ಮುಖ್ಯವಾಗಿ ಅಭ್ಯಸಿಸಲು ಬೋಧನಾ ಆಸ್ಪತ್ರೆಯೊಂದರಲ್ಲಿ ಹಿರಿಯರ ಕೈಕೆಳಗೆ ಕಳೆಯುವ ಅವಧಿಗೆ ಫೆಲೋಶಿಪ್ ಎಂದು ಹೆಸರು. ಭಾರತದಲ್ಲಿ ಈ ತರಬೇತಿ ಬೆಳೆದ ಬಗೆಯನ್ನು ಸಾಮಾನ್ಯವಾಗಿ ಮಹಾನಗರಗಳ ಸಂಸ್ಥೆಗಳ ಕಡೆಯಿಂದಲೇ ಬರೆಯಲಾಗುತ್ತದೆ. ಅದೇ ಚರಿತ್ರೆಯನ್ನು ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಕಡೆಯಿಂದ ನೋಡಿದಾಗ, ಈ ವಿದ್ಯೆಗೆ ಅಗತ್ಯವಾದ ರೋಗಜ್ಞಾನದ ಒಂದು ಪಾಲು ಇಂಥ ಬಡ ಒಣನಾಡುಗಳ ರೋಗಿಗಳಿಂದ ಬಂದಿದ್ದರೂ, ಕಲಿತ ಕೈಗಳು ಮಾತ್ರ ಆ ನಾಡುಗಳಿಗೆ ಹಿಂದಿರುಗಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಪಾಶ್ಚಾತ್ಯ ವೈದ್ಯದಲ್ಲಿ ಈ ಶಾಖೆಯ ಮೊದಲ ಪ್ರೇರಣೆ ಬಹುಮಟ್ಟಿಗೆ ಕ್ಷಯದಿಂದ ಬಂತು. ಬೆನ್ನು ಗೂನಾಗಿ ಕಾಲುಗಳ ಬಲ ಕುಂದುವ ರೋಗವನ್ನು ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ್ದರಿಂದ ಅದು ಇಂದಿಗೂ ಅವರ ಹೆಸರಿನಲ್ಲಿದೆ. ಹಾಂಗ್‌ಕಾಂಗಿನ ಹಾಡ್ಜ್‌ಸನ್ ಮತ್ತು ಸ್ಟಾಕ್ 1950ರ ದಶಕದಲ್ಲಿ ಎದೆಗೂಡನ್ನು ತೆರೆದು ಮುಂಭಾಗದಿಂದಲೇ ಬೆನ್ನುಮೂಳೆಯನ್ನು ತಲುಪಿ, ಕೊಳೆತ ಭಾಗವನ್ನು ತೆಗೆದು, ಅಲ್ಲಿ ಮೂಳೆಯ ತುಂಡನ್ನು ಕೂಡಿಸುವ ವಿಧಾನವನ್ನು ರೂಢಿಗೆ ತಂದರು. ಅಮೆರಿಕದ ಪಾಲ್ ಹ್ಯಾರಿಂಗ್‌ಟನ್ ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಲೋಹದ ಸರಳನ್ನು 1962ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ರುವಾ ಕಾಮಿಯ್ ಕಶೇರುಕದ, ಅಂದರೆ ಬೆನ್ನುಮೂಳೆಯ ಒಂದೊಂದು ಗಣಿಕೆಯ, ಹಿಂಬದಿಯ ಕಂಬದೊಳಗೆ ತಿರುಪು ಕೂರಿಸುವ ಪದ್ಧತಿಯನ್ನು ಬಳಕೆಗೆ ತಂದರು. ತಿರುಪು ಕೂರಬೇಕಾದ ಜಾಗಕ್ಕೂ ಬೆನ್ನುಹುರಿಗೂ ನಡುವಣ ಅಂತರ ಕೆಲವೇ ಮಿಲಿಮೀಟರ್ ಆಗಿರುವುದರಿಂದ, ಪುಸ್ತಕ ಓದಿ ಕಲಿಯಲಾಗದ ಈ ಕೆಲಸಕ್ಕೆ ಪದವಿಯ ನಂತರದ ಪ್ರತ್ಯೇಕ ತರಬೇತಿ ಬೇಕೇ ಬೇಕಾಯಿತು.

ಭಾರತದಲ್ಲಿ ಹಾದಿ ತುಸು ಬೇರೆಯಾಗಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1949ರಲ್ಲಿ ಜೇಕಬ್ ಚಾಂಡಿ ನರಶಸ್ತ್ರ ವಿಭಾಗ ತೆರೆದರು. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ಆರ್. ಮಾರ್ತಾಂಡ ವರ್ಮಾ 1958ರಿಂದ ಆ ಕೆಲಸವನ್ನು ಕಟ್ಟಿದರು. ವಾರಾಣಸಿಯ ಎಸ್.ಎಂ. ತುಲಿ 1970ರ ದಶಕದಲ್ಲಿ ಮುಂದಿಟ್ಟ ‘ಮಧ್ಯಮ ಮಾರ್ಗ’ವು ಕ್ಷಯಪೀಡಿತ ಬೆನ್ನುಮೂಳೆಗೆ ಮೊದಲು ಔಷಧ ಕೊಟ್ಟು, ನರದೌರ್ಬಲ್ಯ ಇಳಿಯದವರಿಗೆ ಮತ್ತು ಬೇರೆ ನಿರ್ದಿಷ್ಟ ಕಾರಣಗಳಿದ್ದವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಬೇಕೆಂದು ವಿಧಿಸಿತು. ಯಾವಾಗ ಕತ್ತಿ ಎತ್ತಬಾರದೆಂಬುದನ್ನು ಇಷ್ಟು ಖಚಿತವಾಗಿ ಕಲಿಸಿದ ಈ ಪದ್ಧತಿಯೇ ಭಾರತೀಯ ಬೆನ್ನುಮೂಳೆ ವೈದ್ಯದ ಅತಿ ದೊಡ್ಡ ಕೊಡುಗೆಯೆನ್ನುವುದು ಅತಿಶಯವಲ್ಲ. ಮದ್ರಾಸಿನಲ್ಲಿ ಚಿಕಿತ್ಸೆ ಪಡೆದ ಮಕ್ಕಳನ್ನು 15 ವರ್ಷಗಳ ತನಕ ಗಮನಿಸಿ, ಯಾವ ಮಗುವಿನ ಗೂನು ರೋಗ ವಾಸಿಯಾದ ಮೇಲೂ ಬೆಳೆಯುತ್ತದೆಂದು ಮೊದಲೇ ಗುರುತಿಸುವ ಲಕ್ಷಣಗಳನ್ನು ಕೊಯಮತ್ತೂರಿನ ಎಸ್. ರಾಜಶೇಖರನ್ 2001ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಪರಂಪರೆಯದು.

ಕ್ಷಯದ ಜೊತೆಗೆ ಯಾದಗಿರಿ ಸೀಮೆಯ ಬೆನ್ನುಗಳನ್ನು ಕಾಡುವ ಎರಡನೆಯ ರೋಗ ನೀರಿನಿಂದ ಬಂದದ್ದು. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಡ್ ಅಂತರ್ಜಲಕ್ಕೆ ಕರಗಿ ಬರುವುದರಿಂದ, ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಇದ್ದೂ ಕೊಳವೆಬಾವಿಯ ನೀರನ್ನೇ ನೆಚ್ಚಿದ ಹಳ್ಳಿಗಳಿಗೆ ಅದರ ಪೀಡೆ ತಟ್ಟಿದೆ. ಭಾರತೀಯ ಮಾನಕವು ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪುತ್ತದೆ. ಬೇರೆ ಮೂಲ ಇಲ್ಲದೆಡೆ 1.5 ಮಿಲಿಗ್ರಾಂವರೆಗೆ ಸಹಿಸುತ್ತದೆ. ಅದನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೂಳೆ ದಟ್ಟವಾದರೂ ಪೆಡಸಾಗುತ್ತದೆ, ಕಶೇರುಕಗಳನ್ನು ಬೆಸೆಯುವ ಅಸ್ಥಿರಜ್ಜುಗಳು ಸುಣ್ಣಗಟ್ಟುತ್ತವೆ, ಬೆನ್ನುಹುರಿಯ ನಾಳ ಕಿರಿದಾಗಿ ಕಾಲುಗಳು ಸೆಟೆದು ನಡಿಗೆ ಕೆಡುತ್ತದೆ. ಫ್ಲೋರೋಸಿಸ್ ಎಂಬ ಈ ಪೀಡೆಯನ್ನು ಭಾರತದಲ್ಲಿ ಮೊದಲು ದಾಖಲಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ, ಶಾರ್ಟ್ ಮತ್ತು ಸಂಗಡಿಗರು. 1955ರಲ್ಲಿ ಎ.ಎಚ್. ಸಿದ್ದಿಕಿ ನಲಗೊಂಡ ಜಿಲ್ಲೆಯ ರೋಗಿಗಳ ವಿವರವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದಾಗ, ನಲಗೊಂಡವೂ ಯಾದಗಿರಿ, ಶಹಾಪುರ, ಸುರಪುರಗಳನ್ನೊಳಗೊಂಡ ಗುಲ್ಬರ್ಗ (ಇಂದಿನ ಕಲಬುರಗಿ) ಜಿಲ್ಲೆಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಮುಂದಿನ ವರ್ಷ ರಾಜ್ಯಗಳ ಗಡಿ ಬದಲಾಗಿ ಅವೆರಡೂ ಬೇರೆಯಾದವು. ಆದರೂ ಹೈದರಾಬಾದಿನಲ್ಲಿ ಬೆಳೆದ ಆ ಅನುಭವ, ವಿಶೇಷವಾಗಿ ನರಶಸ್ತ್ರತಜ್ಞ ಡಿ. ರಾಜಾ ರೆಡ್ಡಿ ಅವರು ಫ್ಲೋರೋಸಿಸ್‌ನ ನರತೊಂದರೆಗಳ ಬಗ್ಗೆ ನಡೆಸಿದ ದೀರ್ಘ ಅಭ್ಯಾಸ, ಇತ್ತ ಕಡೆಯ ಹಳ್ಳಿಗಳಿಗೂ ಅಷ್ಟೇ ಹೊಂದುವಂಥದ್ದು.

ಶಸ್ತ್ರಚಿಕಿತ್ಸೆಯ ದೃಷ್ಟಿಯಿಂದ ಫ್ಲೋರೋಸಿಸ್‌ನ ಬೆನ್ನು ಕಠಿಣವಾದದ್ದು. ಮೂಳೆ ಕಲ್ಲಿನಂತಾಗಿರುವುದರಿಂದ ಸಾಮಾನ್ಯ ಉಪಕರಣ ಸಾಲದೆ ಅತಿವೇಗದ ಕೊರೆಯುವ ಯಂತ್ರ ಬೇಕಾಗುತ್ತದೆ. ಸುಣ್ಣಗಟ್ಟಿದ ಹಳದಿ ಅಸ್ಥಿರಜ್ಜು ಬೆನ್ನುಹುರಿಯ ಹೊದಿಕೆಗೇ ಅಂಟಿಕೊಂಡಿರಬಹುದಾದ್ದರಿಂದ ಅದನ್ನು ಬಿಡಿಸುವಾಗ ಹೊದಿಕೆ ಹರಿದು ದ್ರವ ಸೋರುವ ಭಯವಿರುತ್ತದೆ. ಹಲವು ಹಂತಗಳಲ್ಲಿ ನಾಳ ಇಕ್ಕಟ್ಟಾಗಿರುವಾಗ ಯಾವ ಹಂತ ತೊಂದರೆಯ ಮೂಲವೆಂದು ನಿರ್ಧರಿಸುವುದು ಹಿರಿಯರಿಗೂ ಸುಲಭವಲ್ಲ. ತಡವಾಗಿ ಬಂದ ರೋಗಿಗೆ ಶಸ್ತ್ರಚಿಕಿತ್ಸೆ ಸರಿಯಾಗಿ ನಡೆದರೂ ಕಾಲಿನ ಬಲ ಪೂರ್ತಿ ಮರಳದಿರಬಹುದು, ಮತ್ತು ಇದನ್ನು ಆತನ ಮನೆಯವರಿಗೆ ಮುಂಚಿತವಾಗಿ ತಿಳಿಯಹೇಳುವುದೂ ತರಬೇತಿಯ ಭಾಗವೇ.

ಇಂದು ರಾಷ್ಟ್ರೀಯ ಪರೀಕ್ಷಾ ಮಂಡಳಿಯು ಬೆನ್ನುಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಎರಡು ವರ್ಷಗಳ ಫೆಲೋಶಿಪ್ ನಡೆಸುತ್ತದೆ. ತರಬೇತಿಯಲ್ಲಿರುವವರು ಮೊದಲು ಸಹಾಯಕರಾಗಿ ನಿಂತು, ಬಳಿಕ ಸುಲಭ ಹಂತಗಳನ್ನು ತಾವೇ ಮಾಡಿ, ಕೊನೆಗೆ ಹಿರಿಯರ ಕಣ್ಣಳತೆಯಲ್ಲಿ ಇಡೀ ಶಸ್ತ್ರಚಿಕಿತ್ಸೆಯನ್ನು ನಡೆಸುತ್ತಾರೆ. ಹೊರರೋಗಿ ವಿಭಾಗ, ಸ್ಕ್ಯಾನ್ ಚಿತ್ರಗಳ ಚರ್ಚೆ, ತೊಡಕುಗಳ ಪರಾಮರ್ಶೆಯ ಸಭೆ ಇದರೊಡನೆಯೇ ಸಾಗುತ್ತವೆ. ತರಬೇತಿಯ ಕೇಂದ್ರಗಳು ದೊಡ್ಡ ನಗರಗಳಲ್ಲಿರುವುದು ಸಹಜವೇ, ಏಕೆಂದರೆ ಎಂ.ಆರ್.ಐ., ತೀವ್ರ ನಿಗಾ ಘಟಕ, ನುರಿತ ಅರಿವಳಿಕೆ ತಜ್ಞರು ಇಲ್ಲದೆಡೆ ಇಂಥ ಶಸ್ತ್ರಚಿಕಿತ್ಸೆ ಅಪಾಯಕರ. ಆದರೆ ಮಹಾನಗರದ ಆಸ್ಪತ್ರೆಯಲ್ಲಿ ಸವೆದ ಡಿಸ್ಕುಗಳನ್ನೂ ಅಪಘಾತಗಳನ್ನೂ ಹೆಚ್ಚಾಗಿ ಕಂಡ ಫೆಲೋ, ಫ್ಲೋರೋಸಿಸ್‌ನ ಬೆನ್ನನ್ನು ಒಂದೆರಡು ಸಲವಷ್ಟೇ ನೋಡಿ ಹೊರಬೀಳುವುದು ಸಾಧ್ಯ; ಇದು ಕಲಿಕೆಯ ಕೊರತೆಯೆಂದೇ ಹೇಳಬೇಕು.

ಯಾದಗಿರಿ 2009ರ ಡಿಸೆಂಬರಿನಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿಯತನಕ ಕಲಬುರಗಿಯೇ ಜಿಲ್ಲಾ ಕೇಂದ್ರ. ಅಲ್ಲಿ 1963ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾಗಿದ್ದರೂ, ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು ಬಹಳ ತಡವಾಗಿ, ಈ ಪ್ರದೇಶಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ದೊರೆತ ಮೇಲೆ. ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2022ರಲ್ಲಿ 150 ಎಂ.ಬಿ.ಬಿ.ಎಸ್. ಸೀಟುಗಳೊಡನೆ ಆರಂಭವಾದಾಗ, ಮೂರು ತಾಲ್ಲೂಕುಗಳ ರೋಗಿಗಳಿಗೆ ಸಮೀಪದಲ್ಲೇ ಬೋಧನಾ ಆಸ್ಪತ್ರೆಯೊಂದು ದೊರೆಯಿತು.

ಇಷ್ಟು ಹೊಸ ಸಂಸ್ಥೆಯಲ್ಲಿ ನಾಳೆಯೇ ಫೆಲೋಶಿಪ್ ತೆರೆಯಬೇಕೆನ್ನುವುದು ದುಡುಕಾದೀತು. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ತರಬೇತಿ ಪಡೆಯುತ್ತಿರುವ ಫೆಲೋಗಳನ್ನು ಕೆಲವು ತಿಂಗಳ ಮಟ್ಟಿಗೆ ಇಲ್ಲಿಗೆ ನಿಯೋಜಿಸುವುದು ಮಾತ್ರ ಈಗಲೇ ಸಾಧ್ಯ. ಅವರು ಶಹಾಪುರ, ಸುರಪುರ ತಾಲ್ಲೂಕು ಆಸ್ಪತ್ರೆಗಳ ಹೊರರೋಗಿಗಳನ್ನು ಪರೀಕ್ಷಿಸಿ, ಬೇರೆಡೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದವರ ಮುಂದಿನ ಸ್ಥಿತಿಯನ್ನು ದಾಖಲಿಸಿದರೆ, ಮದ್ರಾಸಿನ ಮಕ್ಕಳ ಮೇಲೆ ನಡೆದಂಥ ದೀರ್ಘ ಗಮನಿಕೆಗೆ ಇಲ್ಲಿಯೂ ತಳಹದಿ ಬೀಳುತ್ತದೆ. ಜೊತೆಗೆ, ಕುತ್ತಿಗೆ ತಿರುಗಿಸಲಾಗದ, ಕಾಲು ಸೆಟೆದ ಹಿರಿಯರಲ್ಲಿ ‘ವಾಯು’ ಅಥವಾ ಮುಪ್ಪಿನ ನೋವಷ್ಟನ್ನೇ ಕಾಣದೆ ಬೆನ್ನುಹುರಿಯ ಒತ್ತಡವನ್ನೂ ಶಂಕಿಸಿ, ಅವರು ಕುಡಿಯುವ ನೀರಿನ ಮೂಲವನ್ನು ವಿಚಾರಿಸುವುದನ್ನು ಯಾದಗಿರಿಯ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ಕಲಿಸುವ ಕೆಲಸವನ್ನೂ ಇದೇ ಫೆಲೋಗಳಿಗೆ ಒಪ್ಪಿಸಬಹುದು.